‘ಆ ಪುಸ್ತಕ ಯಾರ ಹತ್ರ ಇದೆ?’

ನಮ್ಮ ಓದುಗರ ಬಳಗದ ಟೆಲಿಗ್ರಾಮ್ ಗ್ರೂಪಿನಲ್ಲಿ ವಾರಕ್ಕೆ ಏನಿಲ್ಲವೆಂದರೂ ಐದಾರು ಸಲ ಒಂದೇ ಪ್ರಶ್ನೆ ಬರುತ್ತಿತ್ತು: ‘ಆ ಪುಸ್ತಕ ಈಗ ಯಾರ ಹತ್ರ ಇದೆ?’ ಇಪ್ಪತ್ತೇಳು ಜನ, ಮುನ್ನೂರು ಚಿಲ್ಲರೆ ಪುಸ್ತಕ, ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ. ಹಾಳೆ ನನ್ನ ಬಳಿ ಇದ್ದದ್ದರಿಂದ ಉತ್ತರ ಕೊಡುವ ಕೆಲಸವೂ ನನಗೇ ಗಂಟುಬಿದ್ದಿತ್ತು. ಊಟಕ್ಕೆ ಕೂತಾಗ, ಮೀಟಿಂಗಿನ ನಡುವೆ, ಒಮ್ಮೆ ರಾತ್ರಿ ಹನ್ನೆರಡಕ್ಕೆ. ಆ ಹನ್ನೆರಡರ ಪ್ರಶ್ನೆಗೆ ಉತ್ತರಿಸಿ ನಿದ್ದೆ ಕೆಟ್ಟ ಮೇಲೆ, ಈ ಕೆಲಸಕ್ಕೊಂದು ಬಾಟ್, ಅಂದರೆ ಮೆಸೇಜಿಗೆ ತಾನಾಗಿ ಉತ್ತರಿಸುವ ಪ್ರೋಗ್ರಾಮ್, ಮಾಡಿಬಿಡೋಣ ಅನ್ನಿಸಿತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅಲ್ಪಸ್ವಲ್ಪ ಗೊತ್ತಿತ್ತು. ಆಫೀಸಿನ ಲೆಕ್ಕದ ಫೈಲುಗಳನ್ನು ಸರಿಮಾಡುವ ಸಣ್ಣ ಸ್ಕ್ರಿಪ್ಟ್ ಬರೆಯುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಟೆಲಿಗ್ರಾಮ್ 2015ರಲ್ಲೇ ಬಾಟ್‌ಗಳಿಗೆಂದು ಎಪಿಐ, ಅಂದರೆ ಹೊರಗಿನ ಪ್ರೋಗ್ರಾಮುಗಳು ಬಂದು ಮಾತಾಡುವ ಕಿಟಕಿ, ತೆರೆದಿಟ್ಟಿದೆ. ಅದರ ಜೊತೆ ಮಾತಾಡಲು ಪೈಥಾನ್-ಟೆಲಿಗ್ರಾಮ್-ಬಾಟ್ ಎಂಬ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಇದೆ. ಪುಸ್ತಕದ ಲೈಬ್ರರಿ ನಡೆಸಲು ಕೋಡಿನ ಲೈಬ್ರರಿ! ಇದನ್ನು ಮನೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ.

ಬಾಟ್ ಹುಟ್ಟಿಸುವುದು ಐದು ನಿಮಿಷದ ಕೆಲಸ. ಟೆಲಿಗ್ರಾಮಿನೊಳಗೇ ಬಾಟ್‌ಫಾದರ್ ಎಂಬ ಬಾಟ್ ಇದೆ, ಎಲ್ಲ ಬಾಟ್‌ಗಳಿಗೂ ಅದೇ ಅಪ್ಪ. ಅದಕ್ಕೆ ಹೊಸ ಬಾಟ್ ಬೇಕು ಎಂದರೆ ಮೊದಲು ಹೆಸರು ಕೇಳುತ್ತದೆ. ಅದು ಕನ್ನಡದಲ್ಲಿದ್ದರೂ ನಡೆಯುತ್ತದೆ. ಆಮೇಲೆ ಯೂಸರ್‌ನೇಮ್ ಕೇಳುತ್ತದೆ. ಅದು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಕೊನೆಯಲ್ಲಿ ‘ಬಾಟ್’ ಎಂದಿರಬೇಕು. ಅದಾದ ಮೇಲೆ ಒಂದು ಉದ್ದನೆಯ ಟೋಕನ್ ಕೊಡುತ್ತದೆ: ಒಂದಷ್ಟು ಅಂಕಿ, ಒಂದು ಕೋಲನ್, ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು. ಈ ಟೋಕನ್ ಯಾರ ಕೈಯಲ್ಲಿದೆಯೋ ಬಾಟ್ ಅವರದ್ದು. ನಾನು ಅದನ್ನು ನೇರವಾಗಿ ಕೋಡಿನ ಮೂರನೇ ಸಾಲಿನಲ್ಲಿ ಬರೆದು, ಆ ಕೋಡನ್ನು ಎಲ್ಲರಿಗೂ ಕಾಣುವ ರೆಪಾಸಿಟರಿಗೆ (ಕೋಡ್ ಇಡುವ ಆನ್‌ಲೈನ್ ಜಾಗಕ್ಕೆ) ಹಾಕಿ, ಹೆಮ್ಮೆಯಿಂದ ಗೆಳೆಯನಿಗೆ ಲಿಂಕ್ ಕಳಿಸಿದೆ. ಎರಡೇ ನಿಮಿಷದಲ್ಲಿ ಅವನ ಫೋನ್ ಬಂತು. ‘ಲೋ, ಮನೆಗೆ ಬೀಗ ಹಾಕಿ ಕೀಲಿಕೈನ ಬಾಗಿಲಿಗೇ ನೇತುಹಾಕಿದೀಯಲ್ಲೋ!’ ಬಾಟ್‌ಫಾದರ್ ಬಳಿ ಹೋಗಿ ಹಳೆಯ ಟೋಕನ್ ರದ್ದು ಮಾಡಿಸಿದೆ, ಹೊಸದನ್ನು ಕೋಡಿನ ಹೊರಗೆ, ಕಂಪ್ಯೂಟರಿನ ಸೆಟ್ಟಿಂಗ್‌ನಂತಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟೆ. ಹಳೆಯ ಕಮಿಟ್‌ಗಳಲ್ಲಿ, ಅಂದರೆ ಉಳಿದಿರುವ ಕೋಡಿನ ಹಿಂದಿನ ಪ್ರತಿಗಳಲ್ಲಿ, ಆ ಟೋಕನ್ ಇನ್ನೂ ಇದೆ, ಆದರೆ ಅದೀಗ ಸತ್ತ ಕೀಲಿ.

ನಿಜವಾದ ಒದ್ದಾಟ ಶುರುವಾದದ್ದು ಮೊದಲ ಸಾಲಿನಲ್ಲೇ. ನಾನು ನೋಡಿಕೊಂಡು ಬರೆಯುತ್ತಿದ್ದ ಪಾಠದಲ್ಲಿ ‘ಫಿಲ್ಟರ್ಸ್’ ಎಂಬ ಭಾಗವನ್ನು ದೊಡ್ಡ ಇಂಗ್ಲಿಷ್ ಅಕ್ಷರದಿಂದ ಶುರುಮಾಡಿ ಲೈಬ್ರರಿಯಿಂದ ಆಮದು ಮಾಡಿಕೊಂಡಿದ್ದರು. ನಾನೂ ಹಾಗೇ ಬರೆದೆ, ಅಂಥದ್ದೇನೂ ಇಲ್ಲ ಎಂದು ಎರರ್ ಬಂತು. ಅರ್ಧ ದಿನ ನನ್ನದೇ ತಪ್ಪಿರಬೇಕೆಂದು ಇನ್‌ಸ್ಟಾಲ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಕಾರಣ ಸರಳ. ಲೈಬ್ರರಿಯ 13ನೇ ಆವೃತ್ತಿಗೂ 20ನೇ ಆವೃತ್ತಿಗೂ ನಡುವೆ ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದ್ದಾರೆ. 2023ರ ಆರಂಭದಲ್ಲಿ ಬಂದ 20ರಿಂದ ಎಲ್ಲವೂ ಅಸಿಂಕ್ (ಒಂದು ಕೆಲಸ ಕಾಯುವಾಗ ಇನ್ನೊಂದು ನಡೆಯುವ ರೀತಿ), ಮೆಸೇಜುಗಳನ್ನು ಹಂಚುವ ಹಳೆಯ ಡಿಸ್ಪ್ಯಾಚರ್ ಹೋಗಿ ಅಪ್ಲಿಕೇಶನ್ ಬಂದಿದೆ, ‘ಫಿಲ್ಟರ್ಸ್’ ಸಣ್ಣ ಅಕ್ಷರಕ್ಕೆ ಇಳಿದಿದೆ. ನನ್ನ ಮುಂದಿದ್ದ ಪಾಠ ಹಳೆಯ ಮನೆಯ ನಕ್ಷೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದೇ: ಪಾಠ ಓದುವ ಮೊದಲು ಅದು ಯಾವ ಆವೃತ್ತಿಗೆ ಬರೆದದ್ದು ನೋಡಿ, ಇಲ್ಲವೇ ಲೈಬ್ರರಿಯ ಜೊತೆಗೇ ಬರುವ ಉದಾಹರಣೆಗಳಿಂದ ಶುರುಮಾಡಿ.

ಅಸಿಂಕ್ ಅಂದರೆ ಏನೆಂದು ಪೂರ್ತಿ ತಿಳಿಯದೆಯೇ ಮುಂದೆ ಹೋದೆ. ಉತ್ತರ ಕಳಿಸುವ ಸಾಲಿನ ಮುಂದೆ ‘ಅವೇಟ್’ ಬರೆಯುವುದು ಮರೆತರೆ ಬಾಟ್ ಕೆಡುವುದಿಲ್ಲ, ಬೀಳುವುದಿಲ್ಲ, ಸುಮ್ಮನಿರುತ್ತದೆ. ಟರ್ಮಿನಲ್‌ನ ಮೂಲೆಯಲ್ಲಿ ‘ಇದನ್ನು ಯಾರೂ ಕಾಯಲೇ ಇಲ್ಲ’ ಎಂಬರ್ಥದ ಒಂದು ಎಚ್ಚರಿಕೆ ಮಾತ್ರ. ಕೂಗಾಡುವ ಎರರ್‌ಗಿಂತ ಮುನಿಸಿಕೊಂಡು ಕೂತ ಎರರ್ ಹೆಚ್ಚು ಕಾಡುತ್ತದೆ.

ಕೊನೆಗೊಂದು ರಾತ್ರಿ ನಾನು ‘ಹಲೋ’ ಎಂದೆ, ಬಾಟ್ ‘ಹಲೋ’ ಎಂದಿತು. ಹೇಳಿದ್ದನ್ನೇ ಹೇಳುವ ಗಿಣಿ, ಅಷ್ಟೇ. ಆದರೂ ಅದರ ಜೊತೆ ಹದಿನೈದು ನಿಮಿಷ ಮಾತಾಡಿದೆ.

ಮೆಸೇಜ್ ಬಾಟ್‌ಗೆ ತಲುಪಲು ಎರಡು ದಾರಿ. ಒಂದು ವೆಬ್‌ಹುಕ್: ಮೆಸೇಜ್ ಬಂದಾಗ ಟೆಲಿಗ್ರಾಮೇ ನಮ್ಮ ಸರ್ವರ್‌ನ ಬಾಗಿಲು ಬಡಿಯುತ್ತದೆ. ಇನ್ನೊಂದು ಪೋಲಿಂಗ್: ನಾವೇ ಹೋಗಿ ‘ಏನಾದರೂ ಬಂತಾ?’ ಎಂದು ಕೇಳುತ್ತಿರುವುದು. ವೆಬ್‌ಹುಕ್‌ಗೆ ಎಚ್‌ಟಿಟಿಪಿಎಸ್ ವಿಳಾಸ, ಸರ್ಟಿಫಿಕೇಟ್ ಎಲ್ಲ ಬೇಕು. ಇಪ್ಪತ್ತೇಳು ಜನರಿಗೆ ಅದೆಲ್ಲ ಯಾಕೆ ಎಂದು ಪೋಲಿಂಗ್ ಹಿಡಿದೆ. ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಬಾಟ್‌ನ ಮನೆಯಾಯಿತು. ಅಲ್ಲಿ ಅದು ಓಡುತ್ತಿರುವಾಗಲೇ ಹೊಸ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಅದೇ ಟೋಕನ್‌ನಿಂದ ಇನ್ನೊಂದನ್ನು ಓಡಿಸಿದೆ. ಎರರ್ 409, ‘ಕಾನ್‌ಫ್ಲಿಕ್ಟ್’. ಒಂದೇ ಟೋಕನ್ ಹಿಡಿದು ಇಬ್ಬರು ಕೇಳಿದರೆ ಟೆಲಿಗ್ರಾಮ್ ಒಪ್ಪುವುದಿಲ್ಲ. ಪರೀಕ್ಷೆಗೆ ಬೇರೆಯೇ ಬಾಟ್ ಮಾಡಿಕೊಳ್ಳಬೇಕು ಎಂಬುದು ಆಗ ತಿಳಿಯಿತು.

ಇನ್ನೊಂದು ದಿನ ಯಾರೋ ಆ ಹಳೆಯ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಟ್ಟಿದ್ದರು. ಬಾಟ್ ರಾತ್ರಿಯೆಲ್ಲ ಮಲಗಿತ್ತು. ತಲುಪದ ಮೆಸೇಜುಗಳನ್ನು ಟೆಲಿಗ್ರಾಮ್ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತದೆ. ಬೆಳಗ್ಗೆ ಮುಚ್ಚಳ ತೆಗೆದದ್ದೇ ತಡ, ಅಷ್ಟೂ ಪ್ರಶ್ನೆಗಳಿಗೆ ಬಾಟ್ ಒಂದೇ ಉಸಿರಿಗೆ ಉತ್ತರಿಸಿತು. ಉತ್ತರ ಬರಲಿಲ್ಲವೆಂದು ಒಬ್ಬರು ಒಂದೇ ಪ್ರಶ್ನೆಯನ್ನು ಒಂಬತ್ತು ಸಲ ಕೇಳಿದ್ದರು. ಒಂಬತ್ತು ಸಲವೂ ಹೇಳಿತು.

ಇಲ್ಲಿಯವರೆಗಿನದು ಯಾವ ಭಾಷೆಯವರಿಗಾದರೂ ಆಗುವಂಥದ್ದು. ಕನ್ನಡಕ್ಕೆ ಕೈಹಾಕಿದ ಮೇಲಿನ ಕಥೆ ಬೇರೆ.

ಮೊದಲನೆಯದಾಗಿ, ಬಾಟ್‌ಗೆ ಓರೆಗೆರೆ ಹಾಕಿ ಕೊಡುವ ಆಜ್ಞೆಗಳು, ಅಂದರೆ ಕಮ್ಯಾಂಡ್‌ಗಳು, ಕನ್ನಡದಲ್ಲಿ ಆಗುವುದಿಲ್ಲ. ಓರೆಗೆರೆಯ ಮುಂದೆ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ ನಡೆಯುವುದು, ಅದೂ 32ರ ಒಳಗೆ. ನಮ್ಮ ಬಳಗದ ಮೇಷ್ಟ್ರು, ಅಂದರೆ ನಿವೃತ್ತ ಕನ್ನಡ ಅಧ್ಯಾಪಕರು, ಫೋನಿನಲ್ಲಿ ಇಂಗ್ಲಿಷ್ ಕೀಬೋರ್ಡನ್ನೇ ಇಟ್ಟುಕೊಂಡವರಲ್ಲ. ‘ಏನಪ್ಪಾ, ನನ್ನ ಪುಸ್ತಕ ಹುಡುಕಲು ನಾನು ಇಂಗ್ಲಿಷಿನಲ್ಲಿ ಅರ್ಜಿ ಹಾಕಬೇಕೋ?’ ಎಂದರು. ಹಾಗಾಗಿ ಕಮ್ಯಾಂಡ್ ಬಿಟ್ಟು, ಸುಮ್ಮನೆ ಪುಸ್ತಕದ ಹೆಸರು ಬರೆದರೆ ಹುಡುಕಿಕೊಡುವಂತೆ ಮಾಡಲು ಹೊರಟೆ.

ಬಂದ ವಾಕ್ಯವನ್ನು ಪದಗಳಾಗಿ ಒಡೆಯಲು ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬಳಸಿದೆ. ‘ಪುಸ್ತಕ’ ಎಂಬ ಒಂದು ಪದ ಕೊಟ್ಟರೆ ‘ಪ’, ‘ಸ’, ‘ತಕ’ ಎಂದು ಮೂರು ತುಂಡು ಬಂತು. ಪೈಥಾನ್‌ನ ರೆಜೆಕ್ಸ್‌ನಲ್ಲಿ ‘ಪದದ ಅಕ್ಷರ’ ಎಂಬ ಗುರುತು ಕನ್ನಡದ ಕಾಗುಣಿತದ ಚಿಹ್ನೆಯನ್ನೂ ಅರ್ಧಾಕ್ಷರ ಮಾಡುವ ವಿರಾಮವನ್ನೂ ಅಕ್ಷರವೆಂದು ಎಣಿಸುವುದೇ ಇಲ್ಲ. ಕೊಂಬು ಕಂಡಲ್ಲಿ ಕತ್ತರಿ, ಒತ್ತು ಕಂಡಲ್ಲಿ ಕತ್ತರಿ. ರೆಜೆಕ್ಸ್ ಬಿಟ್ಟು, ಖಾಲಿ ಜಾಗ ಇದ್ದಲ್ಲಿ ಮಾತ್ರ ಒಡೆಯುವ ಹಳೆಯ ವಿಧಾನಕ್ಕೇ ಮರಳಿದೆ.

ಆಮೇಲೆ ಶುರುವಾಯಿತು ನೋಡಿ, ಕಣ್ಣಿಗೆ ಕಾಣದ ಕಾಟ. ಹೆಸರಿನ ಕೊನೆಗೆ ‘ಡಾಕ್ಟರ್’ ಎಂದಿರುವ ಪುಸ್ತಕವೊಂದಿದೆ. ಮೇಷ್ಟ್ರು ಹೆಸರನ್ನು ಒಂದಕ್ಷರವೂ ತಪ್ಪಿಲ್ಲದೆ ಬರೆಯುತ್ತಾರೆ, ಬಾಟ್ ‘ಸಿಗಲಿಲ್ಲ’ ಎನ್ನುತ್ತದೆ. ನಾನು ಬರೆದರೆ ಸಿಗುತ್ತದೆ. ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಒಂದು ಪದದ ಉದ್ದ ಕೇಳಿದೆ: ನನ್ನದು 7, ಅವರದ್ದು 8. ಆ ಎಂಟನೆಯದು ಕೊನೆಯ ಅರ್ಧಾಕ್ಷರದ ನಂತರ ಅವರ ಕೀಬೋರ್ಡ್ ತಾನಾಗಿ ಸೇರಿಸುತ್ತಿದ್ದ, ಅಗಲವೇ ಇಲ್ಲದ ಒಂದು ಗುರುತು. ‘ಡಾಕ್ಟರ್’ ಮುಂದೆ ಬೇರೆ ವ್ಯಂಜನ ಬಂದಾಗ ಅದು ಒತ್ತಾಗದಂತೆ ತಡೆಯುವುದು ಅದರ ಕೆಲಸ. ಮುಂದೆ ಏನೂ ಇಲ್ಲದಾಗಲೂ ಅದು ಅಲ್ಲೇ ಕೂತಿರುತ್ತದೆ, ಯಾರಿಗೂ ಕಾಣದೆ.

ಅದು ಮುಗಿಯಿತು ಎನ್ನುವಷ್ಟರಲ್ಲಿ ‘ಕೋ’. ಇದನ್ನು ಒಂದೇ ಸ್ವರಚಿಹ್ನೆಯಾಗಿಯೂ ಉಳಿಸಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಉಳಿಸಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಇದಕ್ಕೆ ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡುವ ಯೂನಿಕೋಡ್ ನಾರ್ಮಲೈಸೇಶನ್ ಎಂಬ ಮದ್ದಿದೆ, ಒಂದು ಸಾಲು ಕೋಡ್. ಮೂರನೆಯದಕ್ಕೆ ಮಾತ್ರ ಮದ್ದು ಸಿಗಲಿಲ್ಲ, ನಾನೇ ಅರೆಯಬೇಕಾಯಿತು. ನಮ್ಮ ಎಕ್ಸೆಲ್ ಹಾಳೆಯಲ್ಲಿ ಯಾರೋ ಪುಣ್ಯಾತ್ಮರು ಅನುಸ್ವಾರ ಬರುವಲ್ಲೆಲ್ಲ ಕನ್ನಡದ ಸೊನ್ನೆ ಒತ್ತಿದ್ದರು. ‘ಸಂಜೆ’ ಅಲ್ಲ, ‘ಸ೦ಜೆ’. ದುಂಡಗಿರುವುದೆಲ್ಲ ಒಂದೇ ಎಂದುಕೊಂಡರೇನೋ! ಹಾಳೆ ಕಾಯುತ್ತಿದ್ದವನು ನಾನೇ ಆದ್ದರಿಂದ ಆ ಪುಣ್ಯಾತ್ಮನ ಬಗ್ಗೆ ಹೆಚ್ಚು ಕೆದಕಲಿಲ್ಲ.

ಕೊನೆಗೆ ಪ್ರತಿ ಪುಸ್ತಕಕ್ಕೂ ಎರಡು ಹೆಸರು ಇಟ್ಟೆ. ಒಂದು ತೋರಿಸಲು, ಮುದ್ರಣದಲ್ಲಿರುವ ಹಾಗೆಯೇ. ಇನ್ನೊಂದು ಹುಡುಕಲು: ಕಾಣದ ಗುರುತುಗಳನ್ನು ಕಿತ್ತು, ಅಕ್ಷರಗಳ ನಡುವಿನ ಸೊನ್ನೆಯನ್ನು ಅನುಸ್ವಾರವಾಗಿಸಿ, ನಾರ್ಮಲೈಸ್ ಮಾಡಿದ್ದು. ಕಿತ್ತದ್ದನ್ನು ತೋರಿಸುವ ಹಾಗಿಲ್ಲ, ಏಕೆಂದರೆ ಆ ಗುರುತುಗಳಿಲ್ಲದೆ ಕೆಲವು ಪದಗಳ ಒತ್ತು ಎಲ್ಲೋ ಹೋಗಿ ಕೂರುತ್ತದೆ. ಆಮೇಲೂ ತಾಳೆಯಾಗದಿದ್ದರೆ ಪೈಥಾನ್ ಜೊತೆಗೇ ಬರುವ ಡಿಫ್‌ಲಿಬ್‌ನಿಂದ ಹತ್ತಿರದ ಮೂರು ಹೆಸರು ತೆಗೆದು ಬಟನ್‌ಗಳಾಗಿ ತೋರಿಸಿದೆ. ಇಷ್ಟೆಲ್ಲ ಕಾಟದ ನಡುವೆ ಒಂದು ಸಂತೋಷವೂ ಸಿಕ್ಕಿತು. ಮೇಷ್ಟ್ರು ದಿನಗಳ ಸಂಖ್ಯೆಯನ್ನು ‘೧೪’ ಎಂದು ಕನ್ನಡ ಅಂಕಿಯಲ್ಲೇ ಬರೆದಾಗ ಬಾಟ್ ಬಿದ್ದೇಹೋಗುತ್ತದೆ ಎಂದುಕೊಂಡಿದ್ದೆ. ಪೈಥಾನ್ ಅದನ್ನು ತುಟಿಪಿಟಕ್ಕೆನ್ನದೆ 14 ಎಂದೇ ಓದಿಕೊಂಡಿತು.

ಬಟನ್‌ಗಳ ವಿಚಾರ ಬಂತಲ್ಲ. ಬಟನ್ ಒತ್ತಿದಾಗ ಬಾಟ್‌ಗೆ ಮರಳುವ ಗುಪ್ತ ಮಾಹಿತಿ 64 ಬೈಟ್ ಮೀರುವಂತಿಲ್ಲ. ನಾನು ಪುಸ್ತಕದ ಹೆಸರನ್ನೇ ಅದರಲ್ಲಿ ತುಂಬಿದ್ದೆ. ಇಂಗ್ಲಿಷ್ ಹೆಸರುಗಳೆಲ್ಲ ಸಲೀಸಾಗಿ ನಡೆದವು, ಕನ್ನಡದವು ಅರ್ಧಕ್ಕರ್ಧ ಬಟನ್ ಸರಿಯಿಲ್ಲ ಎಂಬ ಎರರ್ ಕೊಟ್ಟವು. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ಎಂಬ ಅಕ್ಷರ ಉಳಿಸುವ ಪದ್ಧತಿಯಲ್ಲಿ 3 ಬೈಟ್. ‘ಪುಸ್ತಕ’ ಕಣ್ಣಿಗೆ ಮೂರಕ್ಷರ, ಒಳಗೆ ಆರು ಚಿಹ್ನೆ, ತೂಕ 18 ಬೈಟ್. ಅಂಥ ನಾಲ್ಕು ಪದ ಸೇರಿದರೆ ಮಿತಿ ದಾಟಿತು. ಹೆಸರು ಬಿಟ್ಟು ಡೇಟಾಬೇಸಿನ ಕ್ರಮಸಂಖ್ಯೆ ಹಾಕಿದೆ, ಮುಗಿಯಿತು. ಮೊದಲೇ ಹಾಗೆ ಮಾಡಬೇಕಿತ್ತು. ಪೂರ್ತಿ ಪಟ್ಟಿ ಕೇಳಿದರೆ 4096 ಅಕ್ಷರದ ಮಿತಿ ಮೀರಿ ಮೆಸೇಜೇ ಹೋಗದಿರುವುದು, ಅಕ್ಷರವನ್ನು ದಪ್ಪ, ಓರೆ ಮಾಡುವ ಮಾರ್ಕ್‌ಡೌನ್‌ನ ಹೊಸ ಬಗೆಯಲ್ಲಿ ವಾಕ್ಯದ ಕೊನೆಗೆ ಪೂರ್ಣವಿರಾಮ ಇಟ್ಟರೆ ಅದಕ್ಕೂ ಹಿಂದೊಂದು ಬ್ಯಾಕ್‌ಸ್ಲ್ಯಾಶ್ ಕೇಳುವುದು, ಇವೆಲ್ಲ ಒಂದೊಂದು ಸಂಜೆ ತಿಂದವು. ಮಾರ್ಕ್‌ಡೌನ್ ಬಿಟ್ಟು ಎಚ್‌ಟಿಎಂಎಲ್‌ಗೆ ಹೋದೆ.

ಹೊಸ ಪುಸ್ತಕ ಸೇರಿಸಲು ಕಾನ್ವರ್ಸೇಶನ್‌ಹ್ಯಾಂಡ್ಲರ್ ಬಳಸಿದೆ. ಬಾಟ್ ಹೆಸರು ಕೇಳುತ್ತದೆ, ನೀವು ಹೇಳುತ್ತೀರಿ, ಲೇಖಕರು ಯಾರು ಎನ್ನುತ್ತದೆ, ಹೇಳುತ್ತೀರಿ, ಮುಗಿಯಿತು ಎನ್ನುತ್ತದೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಮನುಷ್ಯರು ಸಂಭಾಷಣೆಯ ಮಧ್ಯೆ ಎದ್ದು ಹೋಗುತ್ತಾರೆ. ಒಬ್ಬರು ‘ಪುಸ್ತಕದ ಹೆಸರು?’ ಎಂಬ ಪ್ರಶ್ನೆಯವರೆಗೆ ಬಂದು ಫೋನ್ ಪಕ್ಕಕ್ಕಿಟ್ಟರು. ಮರುದಿನ ಬೇರೇನೋ ಉದ್ದೇಶದಿಂದ ಬಾಟ್‌ಗೆ ‘ಸರಿ, ನಾಳೆ ಕೊಡ್ತೀನಿ’ ಎಂದು ಬರೆದರು, ಆಮೇಲೆ ‘ಯಾಕೆ?’ ಎಂದರು. ಬಾಟ್ ಅತ್ಯಂತ ವಿಧೇಯವಾಗಿ ದಾಖಲಿಸಿಕೊಂಡಿತು: ಪುಸ್ತಕ ‘ಸರಿ, ನಾಳೆ ಕೊಡ್ತೀನಿ’, ಲೇಖಕರು ‘ಯಾಕೆ?’. ಈಗ ಹತ್ತು ನಿಮಿಷ ಸುಮ್ಮನಿದ್ದರೆ ಸಂಭಾಷಣೆ ತಾನಾಗಿ ಮುಗಿಯುವಂತೆ ಮಾಡಿದ್ದೇನೆ. ಆ ಪುಸ್ತಕವನ್ನು ಅಳಿಸಲು ಮನಸ್ಸಾಗಲಿಲ್ಲ, ಪಟ್ಟಿಯಲ್ಲಿ ಹಾಗೇ ಇದೆ. ಇಬ್ಬರು ಅದನ್ನು ಓದಲು ಕಾದಿರಿಸಿದ್ದಾರೆ.

ಬಾಟ್‌ಗೆ ಮಾತು ಕಲಿಸುವಾಗ ವ್ಯಾಕರಣ ಅಡ್ಡ ಬಂತು. ಹೆಸರಿರುವಲ್ಲಿ ಖಾಲಿ ಬಿಟ್ಟು ಪಕ್ಕದಲ್ಲಿ ‘ನ ಹತ್ತಿರ ಇದೆ’ ಎಂದು ಬರೆದಿದ್ದೆ. ರಾಮನ ಹತ್ತಿರ, ಸರಿ. ಆದರೆ ಸವಿತಾನ ಹತ್ತಿರ? ಶ್ರೀಧರ್‌ನ ಹತ್ತಿರ? ಮೇಷ್ಟ್ರುನ ಹತ್ತಿರ? ‘ಯ’ಕಾರ ‘ವ’ಕಾರ ಎಲ್ಲೆಲ್ಲಿ ಬರುತ್ತದೆ, ಗಂಡೋ ಹೆಣ್ಣೋ, ಹೆಸರಿನ ಕೊನೆ ಸ್ವರವೋ ವ್ಯಂಜನವೋ ಎಂದು ನಿಯಮ ಬರೆಯುತ್ತಾ ಹೋಗಿ ನಲವತ್ತು ಸಾಲಾಯಿತು. ಅಷ್ಟಾದರೂ ಒಂದು ಹೆಸರು ಕೆಡುತ್ತಿತ್ತು. ಆಮೇಲೆ ಹೊಳೆಯಿತು, ‘ಅವರ’! ರಾಮ ಅವರ ಹತ್ತಿರ, ಸವಿತಾ ಅವರ ಹತ್ತಿರ, ಶ್ರೀಧರ್ ಅವರ ಹತ್ತಿರ. ನಲವತ್ತು ಸಾಲು ಅಳಿಸಿದೆ. ಮರ್ಯಾದೆಯೂ ಬಂತು, ವ್ಯಾಕರಣವೂ ಸರಿಹೋಯಿತು.

ಗ್ರೂಪಿಗೆ ಸೇರಿಸಿದ ಮೇಲೆ ಬಾಟ್ ಕಿವುಡಾಯಿತು. ಪ್ರೈವಸಿ ಮೋಡ್ ಎಂಬುದು ತಾನಾಗಿಯೇ ಚಾಲೂ ಇರುತ್ತದೆ; ಗ್ರೂಪಿನಲ್ಲಿ ಬಾಟ್‌ಗೆ ಕೇಳುವುದು ಕಮ್ಯಾಂಡ್‌ಗಳು ಮತ್ತು ಅದಕ್ಕೇ ಕೊಟ್ಟ ಪ್ರತ್ಯುತ್ತರಗಳು, ಹೆಚ್ಚುಕಮ್ಮಿ ಅಷ್ಟೇ. ಬಾಟ್‌ಫಾದರ್ ಬಳಿ ಅದನ್ನು ತೆಗೆಸಬಹುದು. ಆದರೆ ಗ್ರೂಪಿನ ಹರಟೆಯೆಲ್ಲ ನನ್ನ ಮನೆಯ ಲ್ಯಾಪ್‌ಟಾಪಿಗೆ ಬಂದು ಬೀಳುವುದು ನನಗೇ ಬೇಡವೆನಿಸಿತು. ಪುಸ್ತಕ ಬೇಕಾದವರು ಬಾಟ್‌ಗೆ ನೇರವಾಗಿ ಬರೆಯಲಿ ಎಂದು ಬಿಟ್ಟೆ.

ಕೊನೆಯದು ನೆನಪೋಲೆ. ಗಡುವು ದಾಟಿದವರಿಗೆ ಪ್ರತಿ ಶನಿವಾರ ಬೆಳಗ್ಗೆ ಎಂಟಕ್ಕೆ ಮೆಸೇಜ್ ಹೋಗಬೇಕು. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಜಾಬ್‌ಕ್ಯೂನಲ್ಲಿ ಎಂಟು ಗಂಟೆ ಎಂದೆ, ವಾರದ ಜಾಗದಲ್ಲಿ 5 ಎಂದೆ. ಮೆಸೇಜ್ ಹೋದದ್ದು ಶುಕ್ರವಾರ, ಅದೂ ನನ್ನ ಗಡಿಯಾರದ ಎಂಟಕ್ಕಲ್ಲ. ಸಮಯವಲಯ ಹೇಳದಿದ್ದರೆ ಅದು ಯುಟಿಸಿಯ, ಅಂದರೆ ಜಗತ್ತಿನ ಪ್ರಮಾಣ ಸಮಯದ, ಎಂಟು. ವಾರದ್ದು ಮತ್ತೆ ಆ ಹಳೆಯ ನಕ್ಷೆಯ ತಪ್ಪೇ: 13ರಲ್ಲಿ ಸೋಮವಾರ 0, 20ರಿಂದ ಭಾನುವಾರ 0. ಅದನ್ನೂ ಸರಿಮಾಡಿದ ಮೇಲೆ ಆರು ಜನರಿಗೆ ಹೋಗಬೇಕಾದ್ದು ನಾಲ್ವರಿಗೆ ಮಾತ್ರ ಹೋಯಿತು. ಉಳಿದಿಬ್ಬರು ಬಾಟ್‌ನ ‘ಸ್ಟಾರ್ಟ್’ ಒತ್ತಿಯೇ ಇರಲಿಲ್ಲ. ಮೊದಲು ಮನುಷ್ಯ ಮಾತಾಡಿಸದೆ ಬಾಟ್ ತಾನಾಗಿ ಯಾರನ್ನೂ ಮಾತಾಡಿಸುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು.

ನಾಲ್ವರಲ್ಲಿ ಮೇಷ್ಟ್ರೂ ಒಬ್ಬರು. ಸೋಮವಾರ ಸಂಜೆ ಯಾವುದೋ ಎರರ್ ಹುಡುಕುತ್ತಾ ಲಾಗ್ ತೆರೆದೆ. ಬಾಟ್‌ಗೆ ಬಂದದ್ದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಶನಿವಾರ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ಬರೆದಿದ್ದರು: ‘ಮಾನ್ಯರೇ, ತಮ್ಮ ನೆನಪೋಲೆ ತಲುಪಿತು. ವಿಳಂಬಕ್ಕೆ ಕ್ಷಮೆಯಿರಲಿ. ಈ ಪುಸ್ತಕವನ್ನು ಪ್ರತಿದಿನ ರಾತ್ರಿ ನನ್ನ ಪತ್ನಿಗೆ ಓದಿ ಹೇಳುತ್ತಿದ್ದೇನೆ. ಆಕೆಗೆ ಈಗ ಕಣ್ಣು ಕಾಣಿಸುವುದಿಲ್ಲ. ಇನ್ನು ನೂರು ಪುಟಗಳಷ್ಟು ಉಳಿದಿವೆ. ದಯವಿಟ್ಟು ಕಾಲಾವಕಾಶ ಕೊಡಬೇಕು.’

ಅದರ ಕೆಳಗೆ ನನ್ನ ಬಾಟ್‌ನ ಉತ್ತರ: ‘ಕ್ಷಮಿಸಿ, ಈ ಹೆಸರಿನ ಪುಸ್ತಕ ಸಿಗಲಿಲ್ಲ. ಇವುಗಳಲ್ಲಿ ಯಾವುದಾದರೂ ಇರಬಹುದೇ?’ ಅದರ ಕೆಳಗೆ ಮೂರು ಬಟನ್.

ಅವರು ಬಟನ್ ಒತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಅದೇ ಪತ್ರವನ್ನು, ಇನ್ನಷ್ಟು ವಿನಯದಿಂದ, ಮತ್ತೊಮ್ಮೆ ಬರೆದಿದ್ದರು. ಮತ್ತೆ ಮೂರು ಬಟನ್.

ಆ ಪತ್ರ ನನಗೆ ಬರೆದದ್ದಲ್ಲ. ಬಾಟ್‌ನ ಹಿಂದೆ ನಾನು ಕೂತು ಓದಬಹುದು ಎಂಬುದು ಅವರಿಗೆ ಹೊಳೆದಿರಲಾರದು. ನಾನೂ ಯಾರಿಗೂ ಹೇಳಿರಲಿಲ್ಲ. ಫೋನ್ ಮಾಡಲು ಕೈಗೆತ್ತಿಕೊಂಡೆ, ಏನೆಂದು ಶುರುಮಾಡುವುದು ತಿಳಿಯದೆ ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ‘ಮೇಷ್ಟ್ರೇ, ಬಾಟ್‌ಗೆ ನೀವು ಬರೆದದ್ದು ನನ್ನ ಕಣ್ಣಿಗೆ ಬಿತ್ತು, ತಪ್ಪು ತಿಳೀಬೇಡಿ’ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಓಹೋ, ಹಾಗಾದ್ರೆ ಅದು ನೀನೇನಪ್ಪಾ?’ ಎಂದರು. ನಾನಲ್ಲ ಅಂತಲೂ ಹೌದು ಅಂತಲೂ ಹೇಳಲಾಗಲಿಲ್ಲ.

ಆ ರಾತ್ರಿ ಮೂರು ಬದಲಾವಣೆ ಮಾಡಿದೆ. ಲಾಗ್‌ನಲ್ಲಿ ಮೆಸೇಜಿನ ಪಠ್ಯ ಉಳಿಯದಂತೆ ತೆಗೆದೆ. ‘ಸ್ಟಾರ್ಟ್’ ಒತ್ತಿದೊಡನೆ ಬರುವ ಸ್ವಾಗತದ ಮಾತಿಗೆ ‘ಇದನ್ನು ನಡೆಸುತ್ತಿರುವುದು ನಾನು, ಇಲ್ಲಿ ಬರೆದದ್ದನ್ನು ನಾನು ನೋಡಬಹುದು’ ಎಂದು ಹೆಸರು ಸಮೇತ ಒಂದು ಸಾಲು ಸೇರಿಸಿದೆ. ಬಂದ ಮೆಸೇಜು ಎಂಟು ಪದ ದಾಟಿದರೆ ಪುಸ್ತಕ ಹುಡುಕಲು ಹೋಗದೆ, ‘ಇದನ್ನು ಬಳಗದವರಿಗೆ ಮುಟ್ಟಿಸಲೇ?’ ಎಂದು ಕೇಳುವ ಹ್ಯಾಂಡ್ಲರ್ ಬರೆದೆ. ಹೌದು ಎಂದರೆ ಮಾತ್ರ ನನಗೆ ಬರುತ್ತದೆ.

ಮೇಷ್ಟ್ರ ಪುಸ್ತಕದ ಮುಂದಿದ್ದ ಗಡುವಿನ ತಾರೀಕನ್ನು ಅಳಿಸಿ ಖಾಲಿ ಬಿಟ್ಟೆ. ಖಾಲಿ ತಾರೀಕು ಕಂಡು ಶನಿವಾರ ಬೆಳಗ್ಗೆ ಎಂಟಕ್ಕೆ ಬಾಟ್ ಬಿದ್ದುಹೋಯಿತು, ಯಾರಿಗೂ ನೆನಪೋಲೆ ಹೋಗಲಿಲ್ಲ. ಅದನ್ನು ಸರಿಮಾಡಿದ್ದು ಮುಂದಿನ ವಾರ.